ಪಾಹೋಮನ ಹೊಲ ಎಷ್ಟು ಎಕರೆ?

ನಾಗಮಂಗಲದ ರೈತ ಹೊಲವನ್ನು ಎಕರೆ, ಗುಂಟೆಗಳಲ್ಲಿ ಲೆಕ್ಕ ಹಾಕುತ್ತಾನೆ; ರಷ್ಯದ ಲೇಖಕ ಟಾಲ್‌ಸ್ಟಾಯ್ 1886ರಲ್ಲಿ ಬರೆದ ಕತೆಯ ಪಾಹೋಮ್, ದೆಸ್ಯಾತಿನಗಳಲ್ಲಿ. ಒಂದು ದೆಸ್ಯಾತಿನ ಸುಮಾರು 2.7 ಎಕರೆ. ಬಿ.ಎಡ್. ತರಗತಿಯಲ್ಲಿ ಕತೆಯ ನೀತಿಗಿಂತ ಮೊದಲು ಈ ಅಳತೆ ಕಲಿಸಬೇಕು. ಭೂಮಿಯಾಸೆಗೆ ಓಡಿ ಸತ್ತವನ ಸಂಕಟ ರಾಗಿ ಬೆಳೆಯುವ ಮನೆಯ ಮಕ್ಕಳಿಗೆ ಆಗ ತಾನಾಗಿಯೇ ತಿಳಿಯುತ್ತದೆ.

ಟಾಲ್‌ಸ್ಟಾಯ್ ಸ್ವತಃ ಮೇಷ್ಟರಾಗಿದ್ದವರು. 1859ರಲ್ಲಿ ತಮ್ಮೂರು ಯಾಸ್ನಾಯಾ ಪೊಲ್ಯಾನಾದಲ್ಲಿ ರೈತರ ಮಕ್ಕಳಿಗೆ ಶಾಲೆ ತೆರೆದರು. 1872ರಲ್ಲಿ ಅಕ್ಷರಾಭ್ಯಾಸದ ಪುಸ್ತಕ ಹೊರತಂದರು. ಹಳ್ಳಿಯ ಹುಡುಗರನ್ನೇ ಉಪಾಧ್ಯಾಯರನ್ನಾಗಿ ತಯಾರುಮಾಡುವ ಶಾಲೆಯನ್ನೂ ಯೋಜಿಸಿದ್ದರು. ನಾರಿನ ಜೋಡು ಮೆಟ್ಟಿದವರ ವಿಶ್ವವಿದ್ಯಾನಿಲಯ ಎಂದು ಅದನ್ನು ಕರೆದರು (ರಷ್ಯದ ಬಡ ರೈತರ ಪಾದರಕ್ಷೆ ಅದು). ಅದು ಕೈಗೂಡಲಿಲ್ಲ.

ನಮ್ಮ ಮೇಷ್ಟರಿಗೆ ರಷ್ಯನ್ ಸಾಹಿತ್ಯ ಬಹುಪಾಲು ಇಂಗ್ಲಿಷ್ ದಾಟಿಯೇ ಬಂದದ್ದು. ಪಾಹೋಮನಿಗೆ ಕೊನೆಗೆ ದಕ್ಕಿದ ನೆಲ ಪ್ರಸಿದ್ಧ ಇಂಗ್ಲಿಷ್ ಅನುವಾದದಲ್ಲಿ ಆರಡಿ. ಮೂಲದಲ್ಲಿ ಮೂರು ಅರ್ಷಿನ್, ಅಂದರೆ ಏಳಡಿ.