ಕೊಡುವುದಕ್ಕಿಂತ ಹೆಚ್ಚು ಕರೆಂಟ್ ತಿನ್ನುವ ಯೋಜನೆಯೇ? ಪಂಪ್ಡ್ ಸ್ಟೋರೇಜ್ ಲೆಕ್ಕವೇನು?

"ನೀರು ಮೇಲೆತ್ತಲು ಹೆಚ್ಚು ಕರೆಂಟ್, ಅದೇ ನೀರಿನಿಂದ ಬರುವುದು ಕಡಿಮೆ ಕರೆಂಟ್. ಇದಕ್ಕೆ ಸಾವಿರಾರು ಕೋಟಿ ಯಾಕೆ?" ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಇದು. ಇದರ ಮೊದಲರ್ಧ ನಿಜ. ಹಾಗಾಗಿ ಯೋಜನೆಯೇ ಮೋಸ ಎನ್ನುವ ತೀರ್ಮಾನ ಮಾತ್ರ ತಪ್ಪು.

ಇಂಥ ಸ್ಥಾವರದಲ್ಲಿ 100 ಯೂನಿಟ್ ಖರ್ಚು ಮಾಡಿ ನೀರೆತ್ತಿದರೆ, ವಾಪಸ್ ಸಿಗುವುದು ಸಾಮಾನ್ಯವಾಗಿ 75ರಿಂದ 80 ಯೂನಿಟ್. ಉಳಿದದ್ದು ಪಂಪು, ಪೈಪು, ಟರ್ಬೈನ್‌ಗಳಲ್ಲಿ ನಷ್ಟ. ನಮ್ಮ ಮನೆಯ ಯುಪಿಎಸ್ ಕೂಡ ಎಳೆದುಕೊಂಡಷ್ಟನ್ನು ವಾಪಸ್ ಕೊಡುವುದಿಲ್ಲ. ಕರೆಂಟ್ ಹೋದಾಗ ಫ್ಯಾನ್ ತಿರುಗಲಿ ಎಂದು ಅದನ್ನು ಇಟ್ಟುಕೊಂಡಿದ್ದೇವೆ, ಅಷ್ಟೇ.

ಪಾವಗಡದ ಸೋಲಾರ್ ಪಾರ್ಕ್ ಸಾಮರ್ಥ್ಯ 2,050 ಮೆಗಾವ್ಯಾಟ್. ಅದು ಹೆಚ್ಚು ಉತ್ಪಾದಿಸುವುದು ಮಧ್ಯಾಹ್ನ. ಸಂಜೆ ಏಳಕ್ಕೆ ಮನೆಮನೆಯ ದೀಪ ಹೊತ್ತುವಾಗ ಅದರ ಕೊಡುಗೆ ಸೊನ್ನೆ. ಮಧ್ಯಾಹ್ನದ ಕರೆಂಟ್ ಕೊಳ್ಳುವವರಿಲ್ಲದಿದ್ದರೆ ಉತ್ಪಾದನೆಯನ್ನೇ ಇಳಿಸಬೇಕಾಗುತ್ತದೆ. ಹಾಗೆ ಕೈಬಿಡುವ ಬದಲು ಆ ಹೊತ್ತಿನಲ್ಲಿ ನೀರೆತ್ತಿಟ್ಟು, ಸಂಜೆ ಕೆಳಗೆ ಬಿಡುವುದು ಇಲ್ಲಿನ ಉಪಾಯ.

ವಿಚಾರ ಹೊಸದಲ್ಲ. ತಮಿಳುನಾಡಿನ ಕಾಡಂಪಾರೈಯಲ್ಲಿ 400 ಮೆಗಾವ್ಯಾಟ್‌ನ ಸ್ಥಾವರ 1980ರ ದಶಕದಿಂದಲೇ ಇದೆ. ಆದರೆ ಹಳೆಯ ಯಂತ್ರಗಳಿಗೆ ಒಂದು ಮಿತಿ ಉಂಟು: ಅವು ಒಂದೇ ವೇಗದಲ್ಲಿ ತಿರುಗುತ್ತವೆ. ನಮ್ಮ ಬೋರ್‌ವೆಲ್ ಮೋಟಾರ್‌ನಂತೆ ಪಂಪ್ ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ರಾತ್ರಿಯಿಡೀ ಒಂದೇ ಸಮನೆ ಸಿಗುತ್ತಿದ್ದ ಕಲ್ಲಿದ್ದಲು ಕರೆಂಟ್‌ಗೆ ಅದು ಸಾಕಿತ್ತು. ಈಗ ಒಂದು ಮೋಡ ಅಡ್ಡ ಬಂದರೂ, ಗಾಳಿ ನಿಂತರೂ ಗ್ರಿಡ್ ಏರುಪೇರಾಗುತ್ತದೆ. ಪಂಪ್ ಎಳೆಯುವ ಕರೆಂಟ್ ಕೂಡ ಅದಕ್ಕೆ ತಕ್ಕಂತೆ ಏರಿಳಿಯಬೇಕು.

ಇದನ್ನು ಮಾಡುವುದೇ 'ವೇರಿಯಬಲ್ ಸ್ಪೀಡ್' ಯಂತ್ರ. ಜರ್ಮನಿಯ ಗೋಲ್ಡಿಸ್ತಾಲ್‌ನಲ್ಲಿ 2003ರಿಂದ ಇಂಥವು ಓಡುತ್ತಿವೆ. ಭಾರತದಲ್ಲಿ ಮೊದಲು ಬಂದದ್ದು ಉತ್ತರಾಖಂಡದ ತೆಹ್ರಿಯಲ್ಲಿ: ತಲಾ 250 ಮೆಗಾವ್ಯಾಟ್‌ನ ನಾಲ್ಕು ಯಂತ್ರಗಳ ಯೋಜನೆ, ಮೊದಲನೆಯದು 2025ರಲ್ಲಿ ಶುರುವಾಯಿತು. ಹಳೆಯ ಸ್ಥಾವರಗಳಲ್ಲೂ ಅಣೆಕಟ್ಟು, ಸುರಂಗ ಹಾಗೇ ಉಳಿಸಿಕೊಂಡು ಯಂತ್ರ ಬದಲಿಸಬಹುದು. ಆದರೆ ಹೊಸ ಉಪಕರಣಕ್ಕೆ ಹೆಚ್ಚು ಜಾಗ ಬೇಕು, ನೆಲದಡಿಯ ಪವರ್‌ಹೌಸ್‌ನಲ್ಲಿ ಅದೇ ತಲೆನೋವು.

ಮತ್ತೆ ಶರಾವತಿಗೆ ಬರೋಣ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ; ಎರಡೂ ಈಗಾಗಲೇ ಇರುವ ಜಲಾಶಯಗಳು. ಹಾಗಾಗಿ 2,000 ಮೆಗಾವ್ಯಾಟ್‌ನ ಈ ಯೋಜನೆಗೆ ಹೊಸ ದೊಡ್ಡ ಅಣೆಕಟ್ಟು ಬೇಡ. ಆದರೆ ಸುರಂಗ, ರಸ್ತೆ, ವಿದ್ಯುತ್ ಮಾರ್ಗ ಬೇಕೇ ಬೇಕು, ಮತ್ತು ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಪರಿಸರ ಹೋರಾಟಗಾರರ ನಿಜವಾದ ಆಕ್ಷೇಪ ಇರುವುದು ಇಲ್ಲಿ, ಅದಕ್ಕೆ ತೂಕವೂ ಇದೆ. ಯೂನಿಟ್ ಲೆಕ್ಕದ ಫಾರ್ವರ್ಡ್‌ಗಳು ಅದನ್ನು ಮರೆಮಾಡುತ್ತಿವೆ ಎನ್ನುವುದು ನಮ್ಮ ಅಭಿಪ್ರಾಯ. ಕರೆಂಟ್ ಕೂಡಿಡುವ ಕೆಲಸ ಈ ಕಾಡಿನಲ್ಲೇ ಆಗಬೇಕೇ, ಬೇರೆ ಜಾಗದಲ್ಲಿ ಅಥವಾ ಬ್ಯಾಟರಿಯಲ್ಲಿ ಆಗದೇ ಎಂದು ಸರ್ಕಾರವನ್ನು ಕೇಳಬೇಕಿದೆ.