ಸೇಂದಿ, ಪುಡಿ ಮತ್ತು ತಪ್ಪಿದ ಎಚ್ಚರ

ಹೈದರಾಬಾದಿನ ಈಶಾನ್ಯ ಅಂಚಿನ ಕುಷಾಯಿಗೂಡವು 1967ರಲ್ಲಿ ಸ್ಥಾಪನೆಯಾದ ಇ.ಸಿ.ಐ.ಎಲ್. ಎಂಬ ಸರ್ಕಾರಿ ಇಲೆಕ್ಟ್ರಾನಿಕ್ಸ್ ಉದ್ದಿಮೆಯ ಮಗ್ಗುಲಲ್ಲಿ ಕಾರ್ಖಾನೆಗಳ ಬಡಾವಣೆಯಾಗಿ ಬೆಳೆಯಿತು. ಇಂಥ ದುಡಿಮೆಯ ಬಡಾವಣೆಗಳಲ್ಲಿ ಸಾಲ ಹೆಚ್ಚಿದಾಗ, ಕೆಲಸ ಹೋದಾಗ ಕುಡಿದು ಮನೆಯಲ್ಲಿಯೇ ಕುಸಿದು ಎಚ್ಚರ ತಪ್ಪಿದವನನ್ನು ನೆರೆಹೊರೆಯವರು ಚಟಗಾರನೆಂದು ಬದಿಗಿರಿಸುತ್ತಾರಾದರೂ, ಆ ಕುಸಿತದ ಹಿಂದೆ ಇಡೀ ಸೀಮೆಯ ಅಬಕಾರಿ ಚರಿತ್ರೆಯಿದೆ.

ತೆಲಂಗಾಣದ ಜೊತೆಗೆ ಬೀದರ್, ಕಲಬುರಗಿ, ರಾಯಚೂರುಗಳೂ ಸೇರಿದ್ದ ನಿಜಾಮರ ಸಂಸ್ಥಾನದಲ್ಲಿ ಅಬಕಾರಿ, ಅಂದರೆ ಮಾದಕ ಪಾನೀಯಗಳ ಮೇಲಿನ ಸುಂಕ, ಬೊಕ್ಕಸದ ದೊಡ್ಡ ಆದಾಯಗಳಲ್ಲೊಂದಾಗಿತ್ತು. ಈಚಲು ಮರದ ಕಾಂಡವನ್ನೋ ತಾಳೆಯ ಹೊಂಬಾಳೆಯನ್ನೋ ಕೆತ್ತಿ ಮಡಕೆಗೆ ಇಳಿಸಿದ ರಸವು ಕೆಲವೇ ಗಂಟೆಗಳಲ್ಲಿ ಹುದುಗಿ ಸೇಂದಿ, ಅಂದರೆ ಕಳ್ಳು, ಆಗುತ್ತದೆ. ಅದರಲ್ಲಿ ಮದ್ಯಸಾರವಿರುವುದು ಸುಮಾರು ಶೇ 4ರಿಂದ 6ರಷ್ಟು ಮಾತ್ರ. ಮರಗಳು ಕಡಿಮೆಯಾಗಿ ಬೇಡಿಕೆ ಏರಿದಾಗ ವ್ಯಾಪಾರಿಗಳು ನೀರಿಗೆ ಸಿ.ಎಚ್. ಪೌಡರ್ ಬೆರೆಸಿ ಸೇಂದಿಯೆಂದು ಮಾರತೊಡಗಿದರು. 1869ರಲ್ಲಿ ಜರ್ಮನಿಯಲ್ಲಿ ನಿದ್ರೆಯ ಮದ್ದಾಗಿ ಬಳಕೆಗೆ ಬಂದ ಕ್ಲೋರಲ್ ಹೈಡ್ರೇಟ್ ಇದೇ. ಮುಂದೆ ಡಯಾಜೆಪಾಮ್, ಅಲ್ಪ್ರಾಜೋಲಾಮ್ ಮಾತ್ರೆಗಳ ಪುಡಿಯೂ ಇದಕ್ಕೆ ಜೊತೆಯಾಯಿತು. ಮದ್ಯ ಮತ್ತು ಈ ಮದ್ದುಗಳು ಮಿದುಳನ್ನು ಒಟ್ಟಾಗಿ ಮಂಕಾಗಿಸುವುದರಿಂದ ಉಸಿರಾಟವೇ ಕುಗ್ಗಬಹುದು. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಳ್ಳು ಕುಡಿದ ಹಲವರು ಸತ್ತರು.

ಕುಡಿತವನ್ನು ಒಮ್ಮೆಲೇ ನಿಲ್ಲಿಸುವುದೂ ಅಷ್ಟೇ ಅಪಾಯಕಾರಿ. ದೀರ್ಘಕಾಲ ಕುಡಿದವನಲ್ಲಿ ನಿಲ್ಲಿಸಿದ ಮೊದಲ 2 ದಿನಗಳೊಳಗೆ ನಡುಕ, ಫಿಟ್ಸ್, ಆಮೇಲೆ ಭ್ರಮೆ ಕಾಣಿಸಬಹುದು. ವೈದ್ಯರು ಇವನ್ನು ಹಿಂತೆಗೆತದ ಲಕ್ಷಣಗಳೆನ್ನುತ್ತಾರೆ. ಮದ್ಯವನ್ನು ನಿಷೇಧಿಸುವಾಗಲೂ ಇದು ನೆನಪಿರಬೇಕು. 1992ರಲ್ಲಿ ನೆಲ್ಲೂರಿನ ದೂಬಗುಂಟ ಗ್ರಾಮದ ಹೆಂಗಸರು ಸಾರಾಯಿ ವಿರುದ್ಧ ಹೂಡಿದ ಚಳವಳಿ ನ್ಯಾಯವಾದದ್ದೇ. ಅವಿಭಜಿತ ಆಂಧ್ರದಲ್ಲಿ 1993ರಲ್ಲಿ ಸಾರಾಯಿ, 1995ರಲ್ಲಿ ಎಲ್ಲ ಮದ್ಯವೂ ನಿಷೇಧವಾಯಿತು, ಎರಡನೆಯದು 1997ರಲ್ಲಿ ಸಡಿಲವಾಯಿತು. ಕರ್ನಾಟಕ 2007ರಲ್ಲಿ ಸಾರಾಯಿಯನ್ನು ನಿಲ್ಲಿಸಿತು. ಅಂಗಡಿ ಮುಚ್ಚುವ ಆಜ್ಞೆಯ ಜೊತೆಗೆ ಚಿಕಿತ್ಸೆಯ ಏರ್ಪಾಡೂ ಹೋಗಬೇಕಿತ್ತೆಂಬುದು 2020ರ ಲಾಕ್‌ಡೌನಿನಲ್ಲಿ ಢಾಳಾಗಿ ಕಂಡಿತು: ಮಾರ್ಚ್ ಕೊನೆಯಲ್ಲಿ ಅಂಗಡಿಗಳು ಮುಚ್ಚುತ್ತಲೇ ಹೈದರಾಬಾದಿನ ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ನಡುಗುವ, ಮತಿಗೆಟ್ಟ ಕುಡುಕರು ಸಾಲುಗಟ್ಟಿ ಬಂದರು.

ಮನೆಯಲ್ಲಿ ಯಾರಾದರೂ ಕುಡಿದು ಕುಸಿದು ಎಚ್ಚರ ತಪ್ಪಿದರೆ ನೀರು ಕುಡಿಸಬಾರದು, ನಿದ್ದೆ ತಿಳಿಯಾದೀತೆಂದು ಬಿಡಬಾರದು. ಮಗ್ಗುಲಾಗಿ ಮಲಗಿಸಿ, ಉಸಿರು ನೋಡುತ್ತ 108ಕ್ಕೆ ಕರೆ ಮಾಡಬೇಕು. ಕುಡಿತ ಬಿಡಲು ಬಯಸುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ.