ಥರ್ಟಿ-ಫಾರ್ಟಿ: ಒಂದು ಸೈಟಿನ ಚರಿತ್ರೆ

ಅಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕು ತೆಗೆದಾಗ, ಎಲ್ಲಕ್ಕಿಂತ ಜೋಪಾನವಾಗಿ ಕಟ್ಟಿಟ್ಟಿದ್ದು ನಮ್ಮ ಜಾತಕಗಳಲ್ಲ, ಒಂದು ರಸೀದಿ ಕಟ್ಟು. ಅವರ ಕಚೇರಿಯ ನೌಕರರ ಗೃಹ ನಿರ್ಮಾಣ ಸಹಕಾರ ಸಂಘದ್ದು. ಮೊದಲನೆಯದು 1983ರದು, ಕೊನೆಯದು 1991ರದು. ಷೇರು ಹಣ, ಸೈಟಿನ ಮುಂಗಡ, ಆಮೇಲೆ 'ಅಭಿವೃದ್ಧಿ ವೆಚ್ಚ'ದ ಕಂತುಗಳು. ಪ್ರತಿ ರಸೀದಿಯ ಹಿಂದೆಯೂ ಅಪ್ಪನ ದುಂಡಕ್ಷರದಲ್ಲಿ 30×40 ಎಂದು ಬರೆದಿತ್ತು, ಎಲ್ಲಿ ಮರೆತುಹೋಗುತ್ತದೋ ಎನ್ನುವ ಹಾಗೆ.

ಸಂಘದ ಹೆಸರು ಇಲ್ಲಿ ಬೇಡ. ಆ ಸೈಟು ಬರಲೇ ಇಲ್ಲ ಎಂಬುದಷ್ಟೇ ಸಾಕು.

ನಾವಿದ್ದದ್ದು ಹನುಮಂತನಗರದ ಒಂದು ವಠಾರದಲ್ಲಿ. ಆರು ಮನೆ, ಒಂದು ನಲ್ಲಿ, ಎರಡು ಕಕ್ಕಸು. ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆರನೆಯ ಮನೆಯವರು ಸೀನುತ್ತಿದ್ದರು. ರಾತ್ರಿ ಊಟವಾದ ಮೇಲೆ ದೊಡ್ಡವರ ಮಾತು ಸುತ್ತಿ ಬಳಸಿ ಸೈಟಿನ ಬಳಿಗೇ ಬರುತ್ತಿತ್ತು. ಯಾರಿಗೆ ಬಂತು, ಎಲ್ಲಿ ಬಂತು, ಕಾರ್ನರ್ ಸೈಟೇ, ಪೂರ್ವದಿಕ್ಕೇ. ಅಲ್ಲಿ ಯಾರೂ ಮನೆ ಕೊಳ್ಳುವ ಮಾತಾಡಿದ್ದು ನನಗೆ ನೆನಪಿಲ್ಲ. ಮನೆ ಬೇಕಾಗಿದ್ದ ಮನುಷ್ಯರು ಬದುಕಿಡೀ ಸೈಟು ಕೇಳುತ್ತಾ ಕಳೆದದ್ದು ಏಕೆ? ಚರಿತ್ರೆಯ ವಿದ್ಯಾರ್ಥಿಯಾಗಿ ದಾನಶಾಸನಗಳ ಭೂಮಿಯ ಬಗ್ಗೆ ಪುಟಗಟ್ಟಲೆ ಬರೆದ ನನಗೆ, ನಮ್ಮನೆಯ ಈ ಪ್ರಶ್ನೆ ಹೊಳೆದದ್ದು ಆ ರಸೀದಿಗಳು ಕೈಗೆ ಬಂದಾಗ.

ಉತ್ತರ ಹುಡುಕಲು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದೆ ಹೋಗಬೇಕು. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತ್ತು. ಬಸವನಗುಡಿ, ಮಲ್ಲೇಶ್ವರಗಳ ಆಲೋಚನೆಯೂ ಮೊದಲೇ ಇತ್ತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಅದಕ್ಕೆ ಅವಸರ ತಂದಿತು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಸಾವಿರಾರು ಜನ ಸತ್ತರು, ಉಳಿದವರು ಊರಾಚೆ ಗುಡಿಸಲು ಹಾಕಿಕೊಂಡರು. ಗಾಳಿ ಬೆಳಕಿನ ಹೊಸ ಬಡಾವಣೆಗಳೇ ಇದಕ್ಕೆ ಮದ್ದು ಎಂದು ಮೈಸೂರು ಸರ್ಕಾರ ತೀರ್ಮಾನಿಸಿತು. ಮದ್ದೇನೋ ಒಳ್ಳೆಯದೇ. ಆದರೆ ಸರ್ಕಾರ ಮನೆ ಕಟ್ಟಲಿಲ್ಲ. ನೆಲ ಅಳೆಯಿತು, ನೇರ ರಸ್ತೆ ಹಾಕಿತು, ಸೈಟು ಹಂಚಿತು. ಕಟ್ಟುವುದು ಪಡೆದವನ ಪಾಡು. ಕಟ್ಟಲು ಶಕ್ತಿಯಿದ್ದವರು ಅಧಿಕಾರಿಗಳು, ವಕೀಲರು, ವರ್ತಕರು. ನಕ್ಷೆಯಲ್ಲಿ ಜಾತಿಗೊಂದು ಭಾಗವೂ ಇತ್ತು. ಮನೆಗಳ ಹಿಂದೆ ಮಲ ಹೊರುವವರು ಓಡಾಡಲು ಕನ್ಸರ್ವೆನ್ಸಿ ಓಣಿಗಳಿದ್ದವು. ಮಲ್ಲೇಶ್ವರದಲ್ಲಿ ಈಗಲೂ ಅವನ್ನು ನೋಡಬಹುದು, ಸ್ಕೂಟರು ನಿಲ್ಲಿಸುತ್ತಾರೆ. ಆ ಓಣಿಯಲ್ಲಿ ನಡೆದುಹೋಗುತ್ತಿದ್ದವರ ಮನೆ ಎಲ್ಲಿತ್ತು ಎಂಬುದಕ್ಕೆ ಮಾತ್ರ ನಕ್ಷೆಯಲ್ಲಿ ಜಾಗವಿರಲಿಲ್ಲ.

ಬೆಂಗಳೂರು ಬೆಳೆಯುವ ರೀತಿ ಅಲ್ಲೇ ನಿಶ್ಚಯವಾಯಿತು ಎಂದು ನನಗನ್ನಿಸುತ್ತದೆ. ಊರು ಬೆಳೆಸುವುದೆಂದರೆ ಲೇಔಟ್ ಮಾಡುವುದು, ವಸತಿ ಎಂದರೆ ಸೈಟು.

ಮುಂದಿನ ದೊಡ್ಡ ನೂಕು ಬಂದದ್ದು ಎರಡನೆಯ ಮಹಾಯುದ್ಧದ ಹೊತ್ತಿಗೆ. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರಲ್ಲಿ 7.8 ಲಕ್ಷಕ್ಕೆ ಹತ್ತಿರವಾಯಿತು. 1945ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡು ಹುಟ್ಟಿತು. ಹಳಬರ ಬಾಯಲ್ಲಿ ಅದು ಇಂದಿಗೂ 'ಸಿಐಟಿಬಿ'. 1948ರಲ್ಲಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದರು. ರಾಜಾಜಿನಗರಕ್ಕೆ ಹೆಸರೇ ಅವರದು. ಅಲ್ಲೂ ಸೈಟೇ.

ನಡುವೆ ಒಂದು ಬೇರೆ ದಾರಿಯೂ ತೆರೆದಿತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಈ ಕಾರ್ಖಾನೆಗಳು ಕೆಲಸದ ಜೊತೆ ಕ್ವಾರ್ಟರ್ಸನ್ನೂ ಕೊಟ್ಟವು. ನಮ್ಮ ದೊಡ್ಡಪ್ಪ ದೂರವಾಣಿನಗರದ ಕ್ವಾರ್ಟರ್ಸಿನಲ್ಲಿದ್ದರು. ಬೇಸಿಗೆ ರಜೆಗೆ ಅಲ್ಲಿಗೆ ಹೋಗುವುದೆಂದರೆ ನಮಗೆ ಹಬ್ಬ: ಮನೆಯೊಳಗೇ ನಲ್ಲಿ, ಹಿತ್ತಲಲ್ಲಿ ಸೀಬೆ ಗಿಡ, ನಡೆದು ಹೋದರೆ ಶಾಲೆ, ಆಸ್ಪತ್ರೆ. ಸೈಟಿಲ್ಲದೆ ಮನೆ ಇರಬಹುದು ಎಂದು ನಾನು ಕಂಡದ್ದು ಅಲ್ಲಿ ಮಾತ್ರ. ಆದರೆ ಕ್ವಾರ್ಟರ್ಸಿನ ಬೀಗದ ಕೈಗೆ ಐವತ್ತೆಂಟು ವರ್ಷದ ವಾಯಿದೆ. ನಿವೃತ್ತಿ ಹತ್ತಿರವಾದಂತೆ ದೊಡ್ಡಪ್ಪನೂ ನಮ್ಮಪ್ಪನ ಹಾಗೆ ಸೈಟಿನ ಮಾತು ಶುರು ಮಾಡಿದರು.

ಆ ಹೊತ್ತಿಗೆ ಸೈಟು ಸುಮ್ಮನೆ ನೆಲವಾಗಿ ಉಳಿದಿರಲಿಲ್ಲ. 1971ರಲ್ಲಿ ಹದಿನಾರೂವರೆ ಲಕ್ಷವಿದ್ದ ಊರು ಹತ್ತು ವರ್ಷದಲ್ಲಿ 29 ಲಕ್ಷ ದಾಟಿತ್ತು. ಸಿಐಟಿಬಿಯ ಜಾಗಕ್ಕೆ 1976ರ ಜನವರಿಯಲ್ಲಿ ಬಿಡಿಎ ಬಂತು. ಅದೇ ವರ್ಷ ನಗರ ಭೂಮಿತಿ ಕಾಯಿದೆಯೂ ಬಂತು. ಬೆಂಗಳೂರಿನಲ್ಲಿ ಒಬ್ಬರು ಒಂದು ಸಾವಿರ ಚದರ ಮೀಟರಿಗಿಂತ ಹೆಚ್ಚು ಖಾಲಿ ನೆಲ ಇಟ್ಟುಕೊಳ್ಳುವಂತಿಲ್ಲ ಎಂದಿತು. ಇಟ್ಟುಕೊಂಡವರಿಂದ ಪಡೆದು ಇಲ್ಲದವರಿಗೆ ಕೊಡುವ ಉದ್ದೇಶ ದೊಡ್ಡದು. ನಡೆದದ್ದು ವಿನಾಯಿತಿಗಳ ವ್ಯಾಪಾರ. ಇತ್ತ ಬಿಡಿಎ ಸೈಟು ಸಿಕ್ಕವನಿಗೆ ಹತ್ತು ವರ್ಷದ ಗುತ್ತಿಗೆ-ಮಾರಾಟದ ಕರಾರು: ಮಾರಬಾರದು, ಮನೆ ಕಟ್ಟಬೇಕು. ಆದರೂ ಎಷ್ಟೋ ಸೈಟುಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ದವಸ ಇಟ್ಟರೆ ಹುಳು ಹಿಡಿಯುತ್ತದೆ, ಚಿನ್ನ ಇಟ್ಟರೆ ಕಾಯಬೇಕು. ಸೈಟಿನಲ್ಲಿ ಪಾರ್ಥೇನಿಯಂ ಬೆಳೆಯುತ್ತದೆ, ಜೊತೆಗೆ ಬೆಲೆಯೂ ಬೆಳೆಯುತ್ತದೆ. ಸರ್ಕಾರ ಅಗ್ಗದಲ್ಲಿ ಹಂಚಿದ್ದು ಸೂರನ್ನಲ್ಲ, ಆಸ್ತಿಯನ್ನು. ಸಿಕ್ಕವರ ಸೈಟು ಏರಿದಷ್ಟೂ ಸಿಗದವರಿಗೆ ನೆಲ ದೂರವಾಯಿತು. ನಮ್ಮ ವಠಾರದಲ್ಲಿ ಸೈಟು ಬಂದದ್ದು ಒಬ್ಬರಿಗೆ. ಅವರು ಸಿಹಿ ಹಂಚಿದ ದಿನ ಅಪ್ಪ ಒಂದು ತುಂಡು ಮೈಸೂರುಪಾಕನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಉಳಿದವರ ಪಾಲಿಗೆ ತೆರೆದ ಬಾಗಿಲೇ ಗೃಹ ನಿರ್ಮಾಣ ಸಹಕಾರ ಸಂಘ. ಲೆಕ್ಕ ಸರಳವಾಗಿತ್ತು. ನೌಕರರು ಹಣ ಕೂಡಿಸುವುದು, ಸಾರ್ವಜನಿಕ ಉದ್ದೇಶವೆಂದು ಸರ್ಕಾರ ರೈತರ ಭೂಮಿಯನ್ನು ಸ್ವಾಧೀನ ಮಾಡಿಕೊಡುವುದು, ಸಂಘ ಲೇಔಟ್ ಮಾಡಿ ಹಂಚುವುದು. ಸಂಘಕ್ಕೂ ಸರ್ಕಾರಕ್ಕೂ ನಡುವೆ ಇನ್ನೊಬ್ಬರು ಬಂದು ಕುಳಿತರು. ಯಾವ ಸರ್ವೆ ನಂಬರಿಗೆ ಅಧಿಸೂಚನೆ ಹೊರಡಿಸಬೇಕು, ಯಾವುದನ್ನು ಬಿಡಿಸಬೇಕು ಎಂದು ಬಲ್ಲ ಮಧ್ಯವರ್ತಿಗಳು. ಎಂಬತ್ತರ ದಶಕದಲ್ಲಿ ಜಿ.ವಿ.ಕೆ. ರಾವ್ ಸಮಿತಿ ಈ ಸಂಘಗಳ ವ್ಯವಹಾರ ಕೆದಕಿತು. ಎಚ್‌ಎಂಟಿ ನೌಕರರ ಸಂಘದ ಭೂಸ್ವಾಧೀನದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಮಧ್ಯವರ್ತಿಗೆ ದುಡ್ಡು ಕೊಟ್ಟು ಮಾಡಿಸಿದ ಸ್ವಾಧೀನ ಸಾರ್ವಜನಿಕ ಉದ್ದೇಶದ್ದಲ್ಲ, ಭೂಮಿಯನ್ನು ಅದರ ಒಡೆಯರಿಗೇ ಹಿಂದಿರುಗಿಸಬೇಕು.

ಅಪ್ಪನ ಸಂಘದ್ದು ಬೇರೆ ಪ್ರಕರಣ, ಆದರೆ ಅದೇ ದಾರಿ ಹಿಡಿದು ಅದೂ ಬಿತ್ತು. ಕಟ್ಟಿದ ಅಸಲು ಬಂತು, ಬಡ್ಡಿ ಬರಲಿಲ್ಲ. "ಕೋರ್ಟು ನಮ್ಮ ಹೊಟ್ಟೆ ಮೇಲೆ ಹೊಡೀತು ಕಣೋ" ಎಂದರು ಅಪ್ಪ. ನಾನು ಆಗ ಕಾಲೇಜಿನಲ್ಲಿದ್ದೆ. ಗ್ರಂಥಾಲಯದಲ್ಲಿ ಎಚ್‌ಎಂಟಿ ತೀರ್ಪನ್ನು ಹುಡುಕಿ ಓದಿದೆ. ಸಿಟ್ಟಿನಿಂದಲೇ ಶುರು ಮಾಡಿದವನಿಗೆ ಮುಗಿಸುವಷ್ಟರಲ್ಲಿ ಅದು ನ್ಯಾಯವಾಗಿಯೇ ಕಂಡಿತು. ಅಪ್ಪನಿಗೆ ಅದನ್ನು ಹೇಳಲಿಲ್ಲ. ಕೊನೆಯವರೆಗೂ ಹೇಳಲಿಲ್ಲ.

ರಸೀದಿ ಸಿಕ್ಕ ಮೇಲೆ ಒಂದು ಭಾನುವಾರ ಆ ಜಾಗ ಹುಡುಕಿಕೊಂಡು ಹೋದೆ. ಬೆಂಗಳೂರಿನ ಬಡಾವಣೆಗಳ ಹೆಸರಲ್ಲಿ ಹಳ್ಳಿಗಳು ಅಕ್ಷರಗಳಾಗಿ ಮುದುಡಿ ಕುಳಿತಿರುತ್ತವೆ. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂದು ಅಲ್ಲಿ ಬಾಡಿಗೆಗಿರುವ ಎಷ್ಟು ಜನಕ್ಕೆ ಗೊತ್ತು? ಸ್ವಾಧೀನವಾದದ್ದು ಹೊಲ, ತೋಟ. ಊರ ನಡುವಿನ ಗ್ರಾಮಠಾಣಾ ಹಾಗೇ ಉಳಿಯಿತು, ಸುತ್ತ ಲೇಔಟಿನ ಅಗಲ ರಸ್ತೆ, ನಡುವೆ ಎತ್ತಿನ ಗಾಡಿಯ ಅಳತೆಯ ಓಣಿ. ಅಂಥದೊಂದು ಓಣಿಯಲ್ಲಿ ಮಾರಮ್ಮನ ಗುಡಿಯ ಪಕ್ಕ ಒಬ್ಬ ಹಿರಿಯರು ಸಿಕ್ಕರು. ರಸೀದಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಸಂಘದ ಹೆಸರು ಓದಿ ನಕ್ಕುಬಿಟ್ಟರು.

"ನಿಮ್ಮಪ್ಪೋರು ಕಟ್ಟಿದ್ ದುಡ್ಡು ನಮ್ತಾವ ಎಲ್ ಬಂತು ಸ್ವಾಮಿ? ಮಧ್ಯದೋರು ತಿಂದವ್ರೆ. ನಮ್ಮಪ್ಪ ಕೋರ್ಟಿಗೆ ಅಲೆದೂ ಅಲೆದೂ ಚಪ್ಲಿ ಸವೆಸ್ದ. ಜಮೀನು ಉಳೀತು, ಅಪ್ಪ ಉಳೀಲಿಲ್ಲ."

ಉಳಿದ ಜಮೀನನ್ನು ಆಮೇಲೆ ಮಾರಿದರಂತೆ. ಅಲ್ಲೀಗ ಅಪಾರ್ಟ್‌ಮೆಂಟು. ಊರೊಳಗಿನ ಹಟ್ಟಿಯ ಜಾಗದಲ್ಲಿ ಅವರದೇ ನಾಲ್ಕು ಅಂತಸ್ತಿನ ಕಟ್ಟಡ, ಅಂತಸ್ತಿಗೆ ಐದು ರೂಮು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಸೆಕ್ಯುರಿಟಿಯವರು, ಊಟ ತಲುಪಿಸುವ ಹುಡುಗರು. ಜಗಲಿಯುದ್ದಕ್ಕೂ ಚಪ್ಪಲಿ, ಕೊನೆಗೊಂದು ನಲ್ಲಿ. ನನಗೆ ನಮ್ಮ ವಠಾರವೇ ನಿಲ್ಲಿಸಿಟ್ಟಂತೆ ಕಂಡಿತು. ಈ ಊರಿನ ದುಡಿಯುವ ಜನಕ್ಕೆ ಕೈಗೆಟುಕುವ ಮನೆಯನ್ನು ಕಟ್ಟಿಕೊಟ್ಟದ್ದು ಬಹುಪಾಲು ಇಂಥ ಓಣಿಗಳು, ಯಾವ ಯೋಜನೆಯೂ ಲೆಕ್ಕಕ್ಕಿಡದ ಜಾಗಗಳು. ಸರ್ಕಾರ ಬಡವರಿಗೆಂದು ಮನೆಯನ್ನೇ ಕಟ್ಟಿಕೊಟ್ಟ ಉದಾಹರಣೆಗಳೂ ಇವೆ. ಈಜಿಪುರದ ಕ್ವಾರ್ಟರ್ಸು ಅಂಥದು. ಅದರಲ್ಲಿ ಕೆಲವು ಕಟ್ಟಡ ತಾವೇ ಕುಸಿದವು. ಆ ಜಾಗದಲ್ಲಿ ಶೆಡ್ಡು ಹಾಕಿಕೊಂಡಿದ್ದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು 2013ರ ಜನವರಿಯ ಚಳಿಯಲ್ಲಿ ಜೆಸಿಬಿ ತಂದು ಎಬ್ಬಿಸಿದರು.

ಇಷ್ಟೆಲ್ಲ ಬರೆಯುವ ನಾನು ಹೊರಗಿನವನೇನಲ್ಲ. 1998ರಲ್ಲಿ ಅಪ್ಪ ನಿವೃತ್ತಿಯ ಹಣದಲ್ಲಿ ಊರಾಚೆ ಒಂದು ರೆವಿನ್ಯೂ ಸೈಟು ಕೊಂಡರು. ಥರ್ಟಿ-ಫಾರ್ಟಿ ಅಲ್ಲ, ಇಪ್ಪತ್ತು-ಮೂವತ್ತು. ಭೂಪರಿವರ್ತನೆಯಾಗಿರಲಿಲ್ಲ, ಜಿಪಿಎ ಮೇಲೆ ಬರೆಸಿಕೊಂಡದ್ದು. ಕೊಟ್ಟವನೂ ಒಬ್ಬ ರೈತನೇ. ಸ್ವಾಧೀನಕ್ಕೆ ಹೋಗುವ ಮೊದಲೇ ಮಾರಿಬಿಡೋಣವೆಂದು ಹೊಲಕ್ಕೆ ಕಲ್ಲು ನೆಟ್ಟವನು. ಸೈಜುಗಲ್ಲಿನ ಪಾಯ, ಕೆಳಗೆ ಎರಡು ರೂಮು, ರೆಡ್ ಆಕ್ಸೈಡ್ ನೆಲ. ಮೇಸ್ತ್ರಿ ತಾರಸಿಯ ಮೇಲೆ ಪಿಲ್ಲರಿನ ಕಂಬಿಗಳನ್ನು ಮೂರಡಿ ಬಿಟ್ಟ. "ಮುಂದಕ್ಕೆ ಬೇಕಾಗ್ತದೆ ಸಾರ್, ಮೇಲೊಂದು ಹಾಕಿದ್ರೆ ಬಾಡಿಗೆ ಬರುತ್ತೆ" ಎಂದ. ಬೆಂಗಳೂರಿನ ಯಾವ ಹೊಸ ಬಡಾವಣೆಯಲ್ಲಾದರೂ ತಾರಸಿ ನೋಡಿ, ಆಕಾಶಕ್ಕೆ ಚಾಚಿದ ಆ ಕಂಬಿಗಳಿರುತ್ತವೆ.

2007ರಲ್ಲಿ 110 ಹಳ್ಳಿಗಳ ಜೊತೆ ನಮ್ಮದೂ ಬಿಬಿಎಂಪಿಗೆ ಸೇರಿತು. ತೆರಿಗೆ ಕಟ್ಟುತ್ತೇವೆ, ಇರುವುದು ಬಿ ಖಾತಾ. ಬ್ಯಾಂಕಿನವರು ಸಾಲಕ್ಕೆ ಮುಖ ತಿರುಗಿಸಿದರು. ಅಕ್ರಮ-ಸಕ್ರಮ ಬರುತ್ತದೆ ಎಂದು ಅಪ್ಪ ಪೇಪರು ಕತ್ತರಿಸಿ ಇಡುತ್ತಿದ್ದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಯೋಜನೆಗೆ ತಡೆ ಕೊಟ್ಟಿತು. ಆ ತುಂಡೂ ರಸೀದಿಗಳ ಜೊತೆಗೇ ಇತ್ತು.

ಅಮ್ಮ ಈಗ ಮೇಲೊಂದು ಮನೆ ಕಟ್ಟಿಸು ಎನ್ನುತ್ತಾಳೆ. ಹತ್ತು ತಿಂಗಳ ಅಡ್ವಾನ್ಸ್ ತಗೋ, ಇಲ್ಲ ಭೋಗ್ಯಕ್ಕೆ ಕೊಡು, ಕೈಗೊಂದಿಷ್ಟು ಗಂಟು ಬರುತ್ತದೆ ಎಂಬುದು ಅವಳ ಲೆಕ್ಕ. ವಠಾರದಲ್ಲಿ ಮೂವತ್ತು ವರ್ಷ ಓನರಮ್ಮನ ಗೊಣಗಾಟ ಕೇಳಿದವಳು ಅವಳೇ. ನಾನಿನ್ನೂ ತೀರ್ಮಾನಿಸಿಲ್ಲ. ಹೋದ ತಿಂಗಳು ಮೇಸ್ತ್ರಿಯನ್ನು ಕರೆಸಿ ಕಂಬಿ ತೋರಿಸಿದೆ. ತುದಿಯಲ್ಲಿ ತುಕ್ಕು ಉದುರುತ್ತಿತ್ತು. ಉಜ್ಜಿ, ಸಿಮೆಂಟು ಕಲಸಿ ಬಳಿದು ಹೋದ. ಇನ್ನೂ ಐದಾರು ವರ್ಷ ತಡೆಯುತ್ತದಂತೆ.